ಗಾಜಾಕ್ಕಾಗಿ ಪ್ರಾರ್ಥಿಸಿ ಏನು ಫಲ?

ಪ್ರಶ್ನೆ: ರಾತ್ರಿ ಜಪಸರ ಹಿಡಿದಾಗಲೆಲ್ಲ ಅಮ್ಮ ಗಾಜಾದ ಮಕ್ಕಳಿಗೂ ಒಂದು ಪ್ರಾರ್ಥನೆ ಸೇರಿಸುತ್ತಾರೆ. ಮಂಗಳೂರಿನಲ್ಲಿ ಕುಳಿತು ಮಣಿ ಎಣಿಸಿದರೆ ಅಲ್ಲಿ ಯಾರ ಹೊಟ್ಟೆ ತುಂಬುತ್ತದೆ? ನನಗಂತೂ ಸಿಟ್ಟು ಬರುತ್ತದೆ.

ಉತ್ತರ: 2023ರ ಅಕ್ಟೋಬರ್‌ನಿಂದ ಪೋಪ್ ಫ್ರಾನ್ಸಿಸ್ ಹೆಚ್ಚುಕಡಿಮೆ ಪ್ರತಿ ಸಂಜೆ ಗಾಜಾದ ಹೋಲಿ ಫ್ಯಾಮಿಲಿ ಚರ್ಚಿಗೆ ಫೋನ್ ಮಾಡುತ್ತಿದ್ದರು, ಆಸ್ಪತ್ರೆಯ ಹಾಸಿಗೆಯಿಂದಲೂ. ಊಟಕ್ಕೆ ಏನಿತ್ತು ಎಂದು ವಿಚಾರಿಸುತ್ತಿದ್ದರು. ಯುದ್ಧ ನಿಲ್ಲಲಿಲ್ಲ, ನಿಜ. ಕೇಳುವವರೊಬ್ಬರು ಇದ್ದರಲ್ಲ!

ಇನ್ನೊಬ್ಬರ ಉತ್ತರ: ಪೋಪ್ ತೀರಿಕೊಂಡು ಮೂರು ತಿಂಗಳು ತುಂಬುವ ಮೊದಲೇ, 2025ರ ಜುಲೈ 17ರಂದು, ಅದೇ ಚರ್ಚಿಗೆ ಇಸ್ರೇಲಿನ ಶೆಲ್ ಬಡಿದು ಮೂವರು ಸತ್ತರು. ಆ ಕರೆಗಳು ಯಾರನ್ನು ಕಾಪಾಡಿದವು?

ಪ್ರಶ್ನೆ ಕೇಳಿದವರು: ಎರಡನ್ನೂ ಅಮ್ಮನಿಗೆ ಓದಿ ಹೇಳಿದೆ. "ಮೊದಲು ನಿನ್ನ ದೊಡ್ಡಮ್ಮನಿಗೆ ಫೋನ್ ಮಾಡಿ ಊಟವಾಯಿತೇ ಎಂದು ಕೇಳು, ವಾದ ಆಮೇಲೆ" ಎಂದರು.