ವಿಜ್ಞಾನ ಕಾದಂಬರಿ ಬರೆದಿದ್ದೇನೆ, ಧಾರಾವಾಹಿಗೆ ಕರೆಯುತ್ತಿದ್ದಾರೆ. ಹೋಗಲಾ? ಅನುಭವ ಇದ್ದವರು ಹೇಳಿ

ಕುಂಬಳೆಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕುಂಬಳೆ ಹತ್ತಿರ ಒಂದು ಶಾಲೆಯಲ್ಲಿ ವಿಜ್ಞಾನ ಟೀಚರ್. ವಯಸ್ಸು 28. ಮೂರು ವರ್ಷ ಕೂತು ಒಂದು ಕಾದಂಬರಿ ಬರೆದಿದ್ದೇನೆ. ನಮ್ಮ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆಯುವ ಸುರಂಗದ ಕತೆ. 2070ರಲ್ಲಿ ಬೋರ್‌ವೆಲ್‌ಗಳೆಲ್ಲ ಬತ್ತಿರುತ್ತವೆ. ಗುಡ್ಡದ ಒಂದು ಹಳೆಯ ಸುರಂಗದಲ್ಲಿ ಮಾತ್ರ ನೀರು ಬರುವುದು ನಿಂತಿರುವುದಿಲ್ಲ. ಆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿಕೊಂಡು ಒಬ್ಬಳು ಹುಡುಗಿ ಒಳಗೆ ಹೋಗುತ್ತಾಳೆ. ಇದರ ಎರಡು ಅಧ್ಯಾಯ ಒಂದು ಪತ್ರಿಕೆಯಲ್ಲಿ ಬಂತು. ಅದನ್ನು ಓದಿ ಬೆಂಗಳೂರಿನ ಧಾರಾವಾಹಿ ತಂಡದವರು ಫೋನ್ ಮಾಡಿದರು. ಸಂಭಾಷಣೆ ಬರೆಯೋಕೆ ಬನ್ನಿ, ಆ ಕಾದಂಬರಿಯನ್ನೂ ಕಳಿಸಿ, ನೋಡೋಣ ಅಂದರು. ಅಮ್ಮ ಕೆಲಸ ಬಿಡಬೇಡ ಅನ್ನುತ್ತಾರೆ. ಎರಡೂ ಒಟ್ಟಿಗೆ ಆಗುತ್ತದಾ?

ಮಂಜೇಶ್ವರದಿಂದ

ಕೆಲಸ ಬಿಡಬೇಡಿ ಅಂತ ನಾನೂ ಹೇಳುತ್ತೇನೆ. ನಾನು ಬಿಟ್ಟು ಹೋಗಿದ್ದೆ. ನಾಲ್ಕನೇ ತಿಂಗಳಿಗೆ ಧಾರಾವಾಹಿಯೇ ನಿಂತಿತು. ಬಾಡಿಗೆ ಕಟ್ಟಲು ಅಣ್ಣನ ಹತ್ತಿರ ಕೇಳಬೇಕಾಯಿತು.

ಬದಿಯಡ್ಕದಿಂದ

ಟೀಚರ್, ನಾನು 2011ರಿಂದ 2022ರವರೆಗೆ ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಬರೆದವನು. ನಡುವೆ ಎರಡು ವಿಜ್ಞಾನ ಕಾದಂಬರಿ ಬರೆದೆ. ಈಗ ಊರಲ್ಲಿ ಅಡಕೆ ತೋಟ ನೋಡಿಕೊಂಡು ಇಲ್ಲಿಂದಲೇ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಸಂಭಾಷಣೆ ಬರೆಯಲು ಹೋಗಿ. ಕಾದಂಬರಿಯನ್ನು ಮಾತ್ರ ಕಳಿಸಬೇಡಿ. ಅವರು ಎರಡನ್ನೂ ಒಂದೇ ಫೋನಿನಲ್ಲಿ ಕೇಳಿದರು, ಅದಕ್ಕೇ ನಿಮಗೆ ಒಂದೇ ವಿಷಯ ಅಂತ ಕಾಣುತ್ತಿದೆ. ಸಂಭಾಷಣೆ ಅಂದರೆ ದುಡಿಮೆ. ಬರೆದಷ್ಟಕ್ಕೆ ದುಡ್ಡು, ಮರ್ಯಾದೆಯ ಕೆಲಸ. ಕಾದಂಬರಿ ನಿಮ್ಮ ಜಾಗ. ನೋಡಿ ಕೊಡುತ್ತೇನೆ ಅಂದರು ಅಂತ ಜಾಗದ ದಸ್ತಾವೇಜನ್ನು ಯಾರಾದರೂ ಗುರುತಿಲ್ಲದವರ ಕೈಗೆ ಕೊಡುತ್ತಾರಾ?

ನಾನು ಕೊಟ್ಟಿದ್ದೆ. ನನ್ನ ಮೊದಲ ಕಾದಂಬರಿ ಧಾರಾವಾಹಿ ಆಗುತ್ತದೆ ಅಂದಾಗ ಎರಡು ದಿನ ನಿದ್ದೆ ಬರಲಿಲ್ಲ, ಅಷ್ಟು ಖುಷಿ. ಹನ್ನೊಂದು ಪುಟದ ಒಪ್ಪಂದ ಇತ್ತು. ಕೊನೆಯ ಪುಟಕ್ಕೆ ಸಹಿ ಹಾಕಿದೆ, ಉಳಿದದ್ದು ಓದಲಿಲ್ಲ. ಧಾರಾವಾಹಿ 70 ಕಂತಿಗೆ ನಿಂತಿತು. ಮೂರು ವರ್ಷ ಕಳೆದು ಅದರ ಎರಡನೇ ಭಾಗ ಬರೆಯಲು ಕೂತಾಗ ಒಬ್ಬ ಗೆಳೆಯರು ಆ ಒಪ್ಪಂದ ಓದಿ ಹೇಳಿದರು: ಪಾತ್ರಗಳು, ಮುಂದಿನ ಭಾಗಗಳು, ಎಲ್ಲ ಭಾಷೆ, ಎಲ್ಲ ಮಾಧ್ಯಮ, ಎಲ್ಲ ಕಾಲಕ್ಕೂ ಅವರದ್ದು. ನನ್ನ ಅಜ್ಜಿಯನ್ನು ನೆನೆದು ಬರೆದ ಒಂದು ಪಾತ್ರ ಅದರಲ್ಲಿತ್ತು. ಆ ಹೆಸರಿಟ್ಟು ಇನ್ನೊಂದು ಸಾಲು ಬರೆಯುವ ಹಕ್ಕು ನನಗೆ ಉಳಿದಿರಲಿಲ್ಲ. ಇವತ್ತಿಗೂ ಆ ಎರಡನೇ ಭಾಗ ಟ್ರಂಕಿನಲ್ಲಿದೆ.

ಇನ್ನು ದಿನದ ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ. ಕತೆಯ ಎಳೆ ಒಬ್ಬರದ್ದು, ಚಿತ್ರಕತೆ ಇನ್ನೊಬ್ಬರದ್ದು, ಸಂಭಾಷಣೆ ಮತ್ತೊಬ್ಬರದ್ದು. ಚಾನೆಲ್‌ನ ಕತೆ ವಿಭಾಗದವರು ಒಪ್ಪಬೇಕು. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ 22 ನಿಮಿಷದಷ್ಟು ನಮಗೆ. ವಾರಕ್ಕೆ ಐದಾರು ಕಂತು. ಕೈಯಲ್ಲಿ ಮೊದಲೇ ಮುಗಿಸಿಟ್ಟ ಹತ್ತು ಕಂತಿನ ಬ್ಯಾಂಕ್ ಇದ್ದರೆ ಉಸಿರಾಡಬಹುದು, ಇಲ್ಲದಿದ್ದರೆ ಬೆಳಗ್ಗೆ ಬರೆದದ್ದು ಮಧ್ಯಾಹ್ನ ಶೂಟಿಂಗ್. ಕಲಾವಿದರು ಮೇಕಪ್ ಹಾಕಿಕೊಂಡು ಕಾಯುತ್ತಿರುತ್ತಾರೆ. ನೀವು ಮೊಬೈಲಿನಲ್ಲಿ ಸೀನ್ ಟೈಪ್ ಮಾಡಿ ಕಳಿಸುತ್ತಿರುತ್ತೀರಿ. ಗುರುವಾರ ಟಿಆರ್‌ಪಿ ಬರುತ್ತದೆ. ಅಂಕಿ ಇಳಿದರೆ ಶುಕ್ರವಾರ ಕತೆ ತಿರುಗುತ್ತದೆ. ಸತ್ತವರು ಬದುಕಿ ಬರುತ್ತಾರೆ.

ಇದರಲ್ಲಿ ಕಲಿಯಲು ಇಲ್ಲ ಅಂತ ತಿಳಿಯಬೇಡಿ. ನಾನು ಕಲಿತ ದೊಡ್ಡ ಪಾಠ, ಮಾತು ಕಮ್ಮಿ ಮಾಡುವುದು. ನಮ್ಮದು ಪ್ರಸಂಗಗಳನ್ನು ಬರೆದ ಕವಿ ಪಾರ್ತಿಸುಬ್ಬನ ಊರು, ನಿಮಗೆ ಯಕ್ಷಗಾನ ಹೇಳಿಕೊಡಬೇಕಾಗಿಲ್ಲ. ಪ್ರಸಂಗ ಬರೆದವರು ಪದ್ಯ ಕೊಡುತ್ತಾರೆ, ಅರ್ಥ ಹೇಳುವುದು ವೇಷಧಾರಿ. ಟಿವಿಯೂ ಸುಮಾರು ಹಾಗೇ. ಕಲಾವಿದರಿಗೆ ಜಾಗ ಬಿಟ್ಟು ಬರೆಯಬೇಕು. ಒಂದು ದೃಶ್ಯಕ್ಕೆ ಯಾರು ಯಾಕೆ ಬಂದರು, ಹೋಗುವಾಗ ಏನು ಬದಲಾಯಿತು ಅಂತ ಕೇಳಿಕೊಳ್ಳುವ ಅಭ್ಯಾಸ ಅಲ್ಲೇ ಬಂತು. ನನ್ನ ಎರಡನೇ ಕಾದಂಬರಿ ಮೊದಲನೆಯದಕ್ಕಿಂತ ಚೆನ್ನಾಗಿದ್ದರೆ ಅದಕ್ಕೆ ಇದೇ ಕಾರಣ.

ಆದರೆ ನಿಮ್ಮ ವಿಜ್ಞಾನ ಅಲ್ಲಿ ನಡೆಯುತ್ತದೆ ಅಂತ ನಂಬಿ ಹೋಗಬೇಡಿ. ಹನ್ನೊಂದು ವರ್ಷದಲ್ಲಿ ನಾನು ಬರೆದದ್ದು ಜಾಸ್ತಿ ಮದುವೆ, ಆಸ್ತಿ, ಅತ್ತೆ ಸೊಸೆ. ಒಮ್ಮೆ ಮಳೆಯ ಲೆಕ್ಕ ಹಾಕುವ ಯಂತ್ರದ ಕತೆ ಹೇಳಿದೆ. ಸೆಟ್ ಖರ್ಚು ಎಷ್ಟು ಅಂತ ಕೇಳಿದರು, ಮಾತು ಅಲ್ಲಿಗೇ ಮುಗಿಯಿತು. ಅವರನ್ನು ದೂರಿ ಫಲ ಇಲ್ಲ. ದಿನಕ್ಕೊಂದು ಕಂತು ಕೊಡುವವರಿಗೆ ಮನೆಯ ಒಂದು ಹಾಲ್ ಸಾಕಾಗಬೇಕು.

ಎಲ್ಲ ಕಡೆಯೂ ಇದೇ ಪಾಡು. ಅಮೆರಿಕದ ಜಾರ್ಜ್ ಆರ್. ಆರ್. ಮಾರ್ಟಿನ್ ಶುರುವಿನಲ್ಲಿ ವಿಜ್ಞಾನ ಕತೆಗಾರರು. 1983ರ ಅವರ ಕಾದಂಬರಿ ಮಾರಾಟವಾಗಲಿಲ್ಲ. ಬದುಕಲು ಟಿವಿಗೆ ಹೋದರು. ಅವರು ಬರೆದ ಸ್ಕ್ರಿಪ್ಟ್ ತುಂಬಾ ಉದ್ದ, ತುಂಬಾ ಖರ್ಚಿನದ್ದು ಅಂತ ಪ್ರತಿ ಸಲ ಕಡಿಸುತ್ತಿದ್ದರಂತೆ. ಕೊನೆಗೆ ಬಜೆಟ್ಟಿನ ಹಂಗೇ ಇಲ್ಲದ ಕಾದಂಬರಿಗೆ ವಾಪಸ್ ಬಂದರು. ಕೋಟೆ, ಸೈನ್ಯ, ಡ್ರ್ಯಾಗನ್ ಎಲ್ಲ ತುಂಬಿ ಬರೆದರು. 1996ರಲ್ಲಿ ಬಂದ ಆ ಪುಸ್ತಕವನ್ನೇ ಮುಂದೆ ಟಿವಿಯವರು ಹುಡುಕಿಕೊಂಡು ಬಂದದ್ದು. ಪುಸ್ತಕ ಮೊದಲು ಗಟ್ಟಿಯಾಗಿ ನಿಂತಿತು, ಆಮೇಲೆ ಟಿವಿ ಬಂತು. ನಿಮ್ಮ ಸುರಂಗವೂ ಮೊದಲು ಪುಸ್ತಕವಾಗಲಿ.

ಇನ್ನೊಬ್ಬರು ಮೆಲಿಂಡಾ ಸ್ನಾಡ್‌ಗ್ರಾಸ್. ವಕೀಲರಾಗಿದ್ದರು, ವಿಜ್ಞಾನ ಕಾದಂಬರಿ ಬರೆಯುತ್ತಿದ್ದರು. ಮಾರ್ಟಿನ್ ಅವರೇ ಟಿವಿಗೆ ಬರಿ ಅಂದರಂತೆ. ಯಾರೂ ಕೇಳದೆ, ದುಡ್ಡಿಲ್ಲದೆ, 'ಸ್ಟಾರ್ ಟ್ರೆಕ್' ಧಾರಾವಾಹಿಗೆ ಒಂದು ಪೂರ್ತಿ ಕಂತು ಬರೆದು ಕಳಿಸಿದರು. 1989ರಲ್ಲಿ ಅದು ಪ್ರಸಾರವಾಯಿತು. ಮನುಷ್ಯನ ಹಾಗೆ ಕಾಣುವ ಒಂದು ಯಂತ್ರ, ಅದು ಸರ್ಕಾರದ ಸೊತ್ತಾ ಅಥವಾ ತನ್ನ ಬದುಕು ತಾನೇ ಆರಿಸಿಕೊಳ್ಳುವ ಜೀವವಾ ಅಂತ ವಿಚಾರಣೆ. ಯುದ್ಧ ಇಲ್ಲ, ಸ್ಫೋಟ ಇಲ್ಲ. ಒಂದು ಕೋಣೆ, ವಾದ, ಪ್ರತಿವಾದ. ಕೋರ್ಟಿನಲ್ಲಿ ಕಲಿತದ್ದನ್ನೇ ತಂದು ಹಾಕಿದ್ದಾರೆ. ನನಗೆ ಇದು ತುಂಬಾ ಇಷ್ಟ. ನಿಮಗೂ ಕಲಿಸುವ ಕೋಣೆ ಇದೆ, ಸುರಂಗ ಇದೆ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗುಡ್ಡ ಕೊರೆದು, ಉಸಿರಾಡಲು ಗಾಳಿ ಇದೆಯಾ ಅಂತ ಮೇಣದ ಬತ್ತಿ ಹಿಡಿದು ಒಳಗೆ ಹೋಗುತ್ತಿದ್ದವರ ಕತೆಯನ್ನು ಬೆಂಗಳೂರಿನಲ್ಲಿ ಯಾರೂ ಕೂತು ಬರೆಯಲಾರರು. ಪಂಪಿಲ್ಲ, ಕರೆಂಟಿಲ್ಲ, ನೀರು ತಾನೇ ಇಳಿದು ಬರುತ್ತದೆ. ಇದಕ್ಕಿಂತ ಒಳ್ಳೆಯ ವಿಜ್ಞಾನ ಕತೆಯ ಜಾಗ ಎಲ್ಲಿದೆ, ಹೇಳಿ?

ಭಾಷೆಯ ಒಂದು ವಿಷಯ. "ಬೊಂಡ ಕುಡಿ" ಅಂತ ಬರೆದೆ, ಎಳನೀರು ಅಂತ ತಿದ್ದಿದರು. ಅಲ್ಲಿ ಬೊಂಡ ಅಂದರೆ ಕರಿದ ತಿಂಡಿ, ತಿದ್ದಿದ್ದು ಸರಿಯೇ. ನೀರು ಹರಿಸುವ ಅಡಕೆ ಮರದ ದಂಬೆ, ಮುರಕಲ್ಲು ಕೂಡ ಹಾಗೇ ಹೋದವು. ವರ್ಷ ಕಳೆದ ಹಾಗೆ ಆ ಮಾತುಗಳು ನನ್ನ ಕೈಯಿಂದಲೇ ತಪ್ಪತೊಡಗಿದವು. ಅದು ಗೊತ್ತಾದಾಗ ಹೆದರಿಕೆಯಾಯಿತು. ಅವತ್ತಿನಿಂದ ಬೆಳಗ್ಗೆ 5ರಿಂದ 7 ಕಾದಂಬರಿಗೆ ಅಂತ ಇಟ್ಟೆ. ಏಳರ ತನಕ ಫೋನ್ ಆಫ್. ದಿನಕ್ಕೆ ಒಂದು ಪುಟ, ಅಷ್ಟೇ. ಹದಿನಾಲ್ಕು ತಿಂಗಳಲ್ಲಿ ಎರಡನೇ ಕಾದಂಬರಿ ಮುಗಿಯಿತು. ಕೆಲಸ ಮುಗಿಸಿ ರಾತ್ರಿ ಬರೆಯುತ್ತೇನೆ ಅಂದುಕೊಂಡರೆ ಆಗುವುದಿಲ್ಲ. ದಿನವಿಡೀ ಬೇರೆಯವರ ಪಾತ್ರಗಳಿಗೆ ಮಾತಾಡಿಸಿದ ತಲೆಗೆ ರಾತ್ರಿ ನಮ್ಮವರ ಮಾತು ಕೇಳುವುದಿಲ್ಲ.

ದುಡ್ಡು: 2013ರಲ್ಲಿ ನನಗೆ ಕಂತಿಗೆ 1,500 ರೂಪಾಯಿ. ತಿಂಗಳಿಗೆ 25 ಕಂತು, 37,500. ಅದರಲ್ಲಿ 10 ಶೇಕಡಾ ಟಿಡಿಎಸ್, ಅಂದರೆ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿದು 33,750 ಕೈಗೆ. ಅದೂ ಎರಡು ಮೂರು ತಿಂಗಳು ತಡ. ಟಿಡಿಎಸ್ ಬೇಕಾದರೆ ರಿಟರ್ನ್ಸ್ ತುಂಬಿ ವಾಪಸ್ ಪಡೆಯಬೇಕು, ಮೊದಲ ಎರಡು ವರ್ಷ ನಾನು ತುಂಬಲೇ ಇಲ್ಲ. ಕಾದಂಬರಿಯಿಂದ ಬಂದದ್ದು ಮುಖಬೆಲೆಯ 10 ಶೇಕಡಾ ಗೌರವಧನ. ಸಾವಿರ ಪ್ರತಿ ಹಾಕಿದ್ದರು. ಲೆಕ್ಕ ನೀವೇ ಹಾಕಿ. ಅದಕ್ಕೇ ಧಾರಾವಾಹಿ ಬೇಡ ಅಂತ ಹೇಳುವ ಮನಸ್ಸು ನನಗೆ ಬರುವುದಿಲ್ಲ.

ಅಮ್ಮನಿಗೆ ಹೀಗೆ ಹೇಳಿ. ಎಪ್ರಿಲ್, ಮೇ ಶಾಲೆಗೆ ರಜೆ. ಆ ಎರಡು ತಿಂಗಳು ಹೋಗಿ ಬರುತ್ತೇನೆ, ಜೂನಿಗೆ ನೋಡೋಣ ಅಂತ. ಈಗ ಊರಿನಿಂದಲೇ ಬರೆದು ಕಳಿಸುವವರೂ ಇದ್ದಾರೆ. ಆದರೆ ಮೊದಲು ಎರಡು ತಿಂಗಳು ಸೆಟ್‌ನಲ್ಲಿ ನಿಂತು ನೋಡಲೇಬೇಕು.

ಜತ್ತದಿಂದ

ತಂಗಿ, ನಾವು ಸಾಂಗ್ಲಿ ಜಿಲ್ಲೆಯ ಕನ್ನಡದವರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಪಕ್ಕದ ಕೊಲ್ಹಾಪುರದಲ್ಲಿ ಹುಟ್ಟಿದ ಜಯಂತ ನಾರಳೀಕರ್ ಅವರನ್ನು ನೆನಪಿಸುತ್ತೇನೆ. ದೊಡ್ಡ ಖಗೋಳ ವಿಜ್ಞಾನಿ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕತೆ ಸ್ಪರ್ಧೆಗೆ ಬರೆದರು. ಹೆಸರು ನೋಡಿ ಬಹುಮಾನ ಕೊಟ್ಟಾರು ಅಂತ ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುಗಿಸಿ ನಾರಾಯಣ ವಿನಾಯಕ ಜಗತಾಪ ಅಂತ ಹಾಕಿದರು. ಕೈಬರಹ ಗುರುತು ಸಿಗಬಾರದು ಅಂತ ಹೆಂಡತಿಯ ಕೈಯಲ್ಲಿ ಬರೆಸಿದರು. ಆ ಕತೆಗೇ ಮೊದಲ ಬಹುಮಾನ ಬಂತು. ಮುಂದೆ ಕಾದಂಬರಿ ಬರೆದರು, ದೂರದರ್ಶನದಲ್ಲಿ ಖಗೋಳ ವಿಷಯ ಹೇಳಿದರು. ಸಂಶೋಧನೆಯ ಕೆಲಸ ಬಿಡಲಿಲ್ಲ. ಪಾಠ ಮಾಡುವ ನೌಕರಿ ಬರವಣಿಗೆಗೆ ಅಡ್ಡ ಅಂತ ತಿಳಿಯಬೇಡ. ಮಕ್ಕಳು ಕೇಳುವ ಪ್ರಶ್ನೆಗಳು ಸೆಟ್‌ನಲ್ಲಿ ಯಾರೂ ಕೇಳುವುದಿಲ್ಲ.

ಹೊಸೂರಿನಿಂದ

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ತಮಿಳಿನ ಲೇಖಕ ಸುಜಾತಾ. ಅಸಲು ಹೆಸರು ರಂಗರಾಜನ್, ಸುಜಾತಾ ಅನ್ನುವುದು ಹೆಂಡತಿಯ ಹೆಸರು. ಇಲ್ಲಿಂದ ಒಂದು ಬಸ್ಸಿನ ದೂರ, ಬೆಂಗಳೂರಿನ ಬಿಇಎಲ್‌ನಲ್ಲಿ ಎಂಜಿನಿಯರ್. ಮತಯಂತ್ರದ ಕೆಲಸದಲ್ಲೂ ಇದ್ದವರು. ವಾರಪತ್ರಿಕೆಗೆ ಕಂತು ಕಂತಾಗಿ ಬರೆದ ಅವರ ವಿಜ್ಞಾನ ಕಾದಂಬರಿಯಲ್ಲಿ ಜೀನೋ ಅಂತ ಒಂದು ಯಂತ್ರನಾಯಿ ಇದೆ. ಅದು ದೂರದರ್ಶನದಲ್ಲಿ ಧಾರಾವಾಹಿಯಾಯಿತು. ನಮ್ಮ ಬೀದಿಯ ಮಕ್ಕಳು ಆಗ ಸಿಕ್ಕ ನಾಯಿಗೆಲ್ಲ ಜೀನೋ ಅಂತ ಹೆಸರಿಟ್ಟಿದ್ದರು. ಕತೆ ಪತ್ರಿಕೆಯಲ್ಲಿ ಗಟ್ಟಿಯಾದ ಮೇಲೆ ಟಿವಿಗೆ ಹೋದದ್ದು. ಬದಿಯಡ್ಕದವರು ಹೇಳಿದ ಕ್ರಮವೇ.

ಕುಂಬಳೆಯಿಂದ, ಟೀಚರ್

ಎಲ್ಲರಿಗೂ ಧನ್ಯವಾದ. ಒಂದು ಹೇಳಬೇಕು. ನಿನ್ನೆಯೇ ಅವರಿಗೆ ಮೊದಲ 40 ಪುಟ ಇಮೇಲ್ ಮಾಡಿಬಿಟ್ಟಿದ್ದೆ. ಈಗ ಏನು ಮಾಡಲಿ?

ಕಾಸರಗೋಡಿನಿಂದ, ವಕೀಲ

ಗಾಬರಿ ಬೇಡ ಟೀಚರ್. ಇಮೇಲ್ ಮಾಡಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ಕೊಡುವುದು ಬರಹದಲ್ಲಿರಬೇಕು, ನಿಮ್ಮ ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಎಷ್ಟು ದುಡ್ಡು ಅಂತ ಹೇಳಿರಬೇಕು. ಕಾಲ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಕೊಟ್ಟ ಹಕ್ಕನ್ನು ಒಂದು ವರ್ಷದಲ್ಲಿ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ. ಆದರೆ ಒಪ್ಪಂದದಲ್ಲಿ ಬೇರೆ ರೀತಿ ಬರೆದಿದ್ದರೆ ಅದೇ ನಡೆಯುತ್ತದೆ. ಬದಿಯಡ್ಕದವರಿಗೆ ಆದದ್ದು ಹಾಗೆ.

ಒಂದು ಕಡೆ ಮಾತ್ರ ಹುಷಾರು. ಕಾಯ್ದೆ ಕಾಯುವುದು ಬರೆದ ರೂಪವನ್ನು, ಬರೀ ಯೋಚನೆಯನ್ನು ಅಲ್ಲ. ನಾಟಕಕಾರ ಆರ್. ಜಿ. ಆನಂದ್ ತಮ್ಮ ನಾಟಕದ ಹಾಗೇ ಸಿನಿಮಾ ಬಂತು ಅಂತ ಹೋರಾಡಿದರು. 1978ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಡಲಿಲ್ಲ. ವಿಷಯ ಒಂದೇ ಇದ್ದರೂ ಬೆಳೆಸಿದ ರೀತಿ ಬೇರೆ ಅಂತ ಆಯಿತು. ಹಾಗಾಗಿ ಉಳಿದ ಪುಟಗಳನ್ನು, ಮುಖ್ಯವಾಗಿ ನೀರು ಎಲ್ಲಿಂದ ಬರುತ್ತದೆ ಅನ್ನುವ ಕೊನೆಯನ್ನು, ಫೋನಿನಲ್ಲೂ ಹೇಳಬೇಡಿ. ಇಮೇಲ್ ಅಳಿಸಬೇಡಿ. ಪತ್ರಿಕೆಯ ಆ ಎರಡು ಸಂಚಿಕೆ ತೆಗೆದಿಡಿ, ಯಾವಾಗ ಬರೆದಿರಿ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಬದಿಯಡ್ಕದಿಂದ

ವಕೀಲರಿಗೆ ತುಂಬಾ ಉಪಕಾರ. ಟೀಚರ್, ಇವತ್ತೇ ಒಂದು ಸಣ್ಣ ಇಮೇಲ್ ಹಾಕಿ. "40 ಪುಟ ಕಳಿಸಿದ್ದು ನನ್ನ ಬರವಣಿಗೆಯ ಮಾದರಿ ನೋಡಲು ಮಾತ್ರ. ಕಾದಂಬರಿ ಪುಸ್ತಕವಾಗಿ ಬರಲಿದೆ, ಅದರ ಹಕ್ಕಿನ ಬಗ್ಗೆ ಆಮೇಲೆ ಮಾತಾಡೋಣ. ಸಂಭಾಷಣೆ ಕೆಲಸಕ್ಕೆ ಎಪ್ರಿಲ್‌ನಲ್ಲಿ ಬರುತ್ತೇನೆ." ಇಷ್ಟು ಸಾಕು. ಒಳ್ಳೆಯ ತಂಡವಾದರೆ ಇದಕ್ಕೆ ಬೇಸರ ಮಾಡುವುದಿಲ್ಲ.

ಹೋಗುವಾಗ ಕಣ್ಣೂರು ಬೆಂಗಳೂರು ರೈಲು ಹಿಡಿಯಿರಿ, ಸಂಜೆ ಹತ್ತಿದರೆ ಬೆಳಗ್ಗೆ ಅಲ್ಲಿ. ಸಂಭಾಷಣೆಯ ಒಪ್ಪಂದ ಕೊಟ್ಟರೆ ಅವತ್ತೇ ಸಹಿ ಹಾಕಬೇಡಿ, ಎಲ್ಲ ಪುಟದ ಫೋಟೋ ತೆಗೆದು ನನಗೂ ವಕೀಲರಿಗೂ ಕಳಿಸಿ. ನಾನು ಬೆಳಗ್ಗೆ ಏಳರ ಮೇಲೆ ಫೋನ್ ಎತ್ತುತ್ತೇನೆ.