ಸಹಾಯ ಬೇಕು: 1/35 ಸೈನಿಕನಿಗೆ ನಮ್ಮ ಸೇನೆಯ ಡಿಜಿಟಲ್ ಯೂನಿಫಾರ್ಮ್

ಎಲ್ಲರಿಗೂ ನಮಸ್ಕಾರ, ಪುಣೆಯ ಕೊಥ್ರೂಡ್‌ನಿಂದ ಬರೆಯುತ್ತಿದ್ದೇನೆ. 1/35 ಅಳತೆಯ (ಅಂದರೆ ನಿಜ ಗಾತ್ರದ 35ರಲ್ಲಿ ಒಂದು ಪಾಲು) ಸೈನಿಕನ ಗೊಂಬೆಗೆ ನಮ್ಮ ಸೇನೆಯ ಹೊಸ ಯೂನಿಫಾರ್ಮ್ ಬರೆಯಬೇಕು. 2022ರ ಜನವರಿ 15ರ ಸೇನಾ ದಿನದ ಪರೇಡಿನಲ್ಲಿ ತೋರಿಸಿದರಲ್ಲ, ಅದೇ. ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ರಿಟೈರ್ ಆದ ಸೋದರಮಾವನಿಗೆ ಕೊಡುವುದು. ಸುಮ್ನೆ ಹಸಿರು ಚುಕ್ಕಿ ಇಟ್ಟರೆ ಅವರು ಒಪ್ಪಲ್ಲ, ನನಗೂ ಸಮಾಧಾನ ಇಲ್ಲ.

ತೊಂದರೆ ಇರುವುದು ಆ ಡಿಜಿಟಲ್ ವಿನ್ಯಾಸದ ಪುಟ್ಟ ಪುಟ್ಟ ಬಣ್ಣದ ಚೌಕಗಳಲ್ಲಿ. ಗೊಂಬೆ ಸುಮಾರು 5 ಸೆಂಟಿಮೀಟರ್ ಎತ್ತರ. ಬಟ್ಟೆಯಲ್ಲಿ 7 ಮಿಲಿಮೀಟರ್ ಇರುವ ಚೌಕ ಇಲ್ಲಿ 0.2 ಮಿಲಿಮೀಟರ್! 000 ನಂಬರಿನ ತೀರಾ ಸಣ್ಣ ಬ್ರಷ್ ತುದಿಯಲ್ಲಿ ಅಕ್ರಿಲಿಕ್ ಬಣ್ಣ ಬೇಗ ಒಣಗುತ್ತದೆ, ಚೌಕ ದುಂಡಗಾಗಿ ಬಿಡುತ್ತದೆ. ಮೊಣಕೈ ಮಡಿಕೆಯಲ್ಲಂತೂ ಬಣ್ಣ ಹರಿದು ಒಂದಕ್ಕೊಂದು ಸೇರಿಕೊಳ್ಳುತ್ತದೆ.

ಪ್ರತಿ ಚೌಕವನ್ನೂ ಬರೆಯಲೇಬೇಕಾ? ಒರಟು ಅಂಚಿನ ಕಲೆ ಬರೆದು, ಅಂಚಿಗೆ ಮಾತ್ರ ಚುಕ್ಕಿ ಇಟ್ಟರೆ ಸಾಕು ಅಂತ ನನ್ನ ಅನಿಸಿಕೆ. ಮಾಡಿ ನೋಡಿದವರು ದಯವಿಟ್ಟು ಹೇಳಿ. ಬಣ್ಣ ಬೇಗ ಒಣಗದಂತೆ ರಿಟಾರ್ಡರ್ ಎಷ್ಟು ಬೆರೆಸುತ್ತೀರಿ? ಚಿಕ್ಕ ಗೊಂಬೆಯಲ್ಲಿ ಬಣ್ಣ ಜಾಸ್ತಿ ಗಾಢವಾಗಿ ಕಾಣುತ್ತದೆ ಅಲ್ವಾ, ಆಲಿವ್‌ಗೆ ಬಿಳಿ ಸೇರಿಸುತ್ತೀರೋ, ತಿಳಿ ಮಣ್ಣಿನ ಬಣ್ಣವೋ?

ಇನ್ನೊಂದು, ಇಲ್ಲಿನ ಮಳೆಗಾಲದ ತೇವದಲ್ಲಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ ಬೆಳ್ಳಗಾಗುತ್ತದೆ. ಬ್ರಷ್‌ನಲ್ಲಿ ಹಚ್ಚುವುದೇ ವಾಸಿಯಾ? ನಿಮ್ಮ ಗೊಂಬೆಗಳ ಹತ್ತಿರದ ಫೋಟೊ ಹಾಕಿದರೆ ತುಂಬಾ ಉಪಕಾರ.