2012ರ ಜಿಪ್ಸಿ, ಓಡಿರುವುದು ಬರೀ 19 ಸಾವಿರ ಕಿ.ಮೀ. ಸ್ಪಿತಿಗೆ ರೆಡಿ ಮಾಡಿಸಬೇಕು, ಎಲ್ಲಿಂದ ಶುರು ಮಾಡಲಿ?

ಬನಶಂಕರಿ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡ ಮಾವನ ಮಾರುತಿ ಜಿಪ್ಸಿ (4x4 ಜೀಪು) ಈಗ ನನ್ನ ಹೆಸರಿಗೆ ಬಂದಿದೆ. ಸಾಫ್ಟ್ ಟಾಪ್ (ಬಟ್ಟೆಯ ಟಾಪು), ಬಿಳಿ ಬಣ್ಣ. ತೋಟಕ್ಕೆ ಅಂತ ತಗೊಂಡಿದ್ದರು, ಆಮೇಲೆ ಮನೆಗೆ ಬೊಲೆರೊ ಬಂತು, ಇದು ಶೆಡ್ಡಿನಲ್ಲೇ ನಿಂತುಬಿಟ್ಟಿತು. ತುಕ್ಕು ಇಲ್ಲವೇ ಇಲ್ಲ. ಮುಂದಿನ ಬೇಸಿಗೆಯಲ್ಲಿ ನಾನು, ಹೆಂಡತಿ ಇಬ್ಬರೇ ಇದರಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಬೇಕು ಅಂತ ಆಸೆ. ಲೀಫ್ ಸ್ಪ್ರಿಂಗನ್ನು ಆಕ್ಸಲ್ ಮೇಲಕ್ಕೆ ಹಾಕಿಸಿ ಗಾಡಿ ಎತ್ತರಿಸುವುದು, 235/75 ಟೈರು, ಕಬ್ಬಿಣದ ಬಂಪರ್, ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಮೋಟಾರು), ಸ್ನಾರ್ಕೆಲ್ (ಇಂಜಿನ್ನಿಗೆ ಮೇಲಿಂದ ಗಾಳಿ ಕೊಡುವ ಪೈಪು), ಮೇಲೊಂದು ರೂಫ್ ಟೆಂಟ್, ಹಿಂದೆ ಪೆಟ್ರೋಲಿಗೆ ಜೆರ್ರಿ ಕ್ಯಾನ್, ಇಷ್ಟು ಯೋಚನೆ ಇದೆ. ಬಜೆಟ್ ನಾಲ್ಕು ಲಕ್ಷ. ಇಂಥ ಗಾಡಿಗೆ ಕೈ ಹಾಕಬೇಡ ಅಂತ ಗೆಳೆಯರು ಬೈಯುತ್ತಿದ್ದಾರೆ. ನೀವೇನು ಹೇಳುತ್ತೀರಿ?

ಒರಿಜಿನಲ್ ಪೇಂಟ್:
ಗೆಳೆಯರು ಸರಿಯಾಗೇ ಹೇಳಿದ್ದಾರೆ. ಮಾರುತಿ ಇದನ್ನು ಜನರಿಗೆ ಮಾರುವುದು ನಿಲ್ಲಿಸಿ ಎಷ್ಟೋ ವರ್ಷ ಆಯಿತು. ಸಿಗುವ ಜಿಪ್ಸಿಗಳಲ್ಲಿ ಅರ್ಧಕ್ಕರ್ಧ ರ‍್ಯಾಲಿ ಮಾಡಿ ಸುಸ್ತಾದವು, ಉಳಿದವು ಕೊಯ್ದು ವೆಲ್ಡ್ ಮಾಡಿದವು. ಮುಟ್ಟದೇ ಇರುವ ಒಂದನ್ನು ನೀವೂ ಕೊಯ್ಯುತ್ತೀರಾ? ಇದನ್ನು ಹೀಗೇ ಇಟ್ಟುಕೊಳ್ಳಿ, ಸ್ಪಿತಿಗೆ ಥಾರ್ ಬಾಡಿಗೆಗೆ ತಗೊಳ್ಳಿ.

ಕೆಸರುಗಾಲಪ್ಪ:
ಮೇಲಿನವರ ಮಾತು ನಾನು ಒಪ್ಪುವುದಿಲ್ಲ, ಗಾಡಿ ಇರುವುದು ಓಡಿಸಲಿಕ್ಕೆ. ಆದರೆ ಗುರೂ, ನೀವು ಕೊನೆಗೆ ಮಾಡಬೇಕಾದ್ದನ್ನು ಮೊದಲು ಬರೆದಿದ್ದೀರಿ. ಕಡಿಮೆ ಓಡಿದೆ ಅಂದರೆ ಚೆನ್ನಾಗಿದೆ ಅಂತಲ್ಲ. ನಿಂತ ಗಾಡಿ ಓಡಿದ ಗಾಡಿಗಿಂತ ಜಾಸ್ತಿ ಕಾಡುತ್ತದೆ.

ಮೊದಲು ಟೈರಿನ ಪಕ್ಕದಲ್ಲಿ ನಾಲ್ಕಂಕಿ ನೋಡಿ. 2312 ಅಂತ ಇದ್ದರೆ 2012ರ 23ನೇ ವಾರದ್ದು. ಟೈರಿನ ಹೂವು (ಮೇಲಿನ ಗೀರು) ಎಷ್ಟೇ ಇರಲಿ, ಅದರಲ್ಲಿ ಹೈವೇಗೆ ಇಳಿಯಬೇಡಿ. ಟ್ಯಾಂಕ್ ಇಳಿಸಿ ತೊಳೆಸಿ, ಹಳೇ ಪೆಟ್ರೋಲ್ ಅಂಟಾಗಿರುತ್ತದೆ. ಪೆಟ್ರೋಲ್ ಪೈಪುಗಳನ್ನೆಲ್ಲ ಬದಲಾಯಿಸಿ, ಈಗ ಬಂಕಿನಲ್ಲಿ ಬರುವುದು ಎಥನಾಲ್ ಬೆರೆಸಿದ ಇ20, ಆ ಕಾಲದ ರಬ್ಬರ್ ಇದಕ್ಕೆ ಮಾಡಿದ್ದಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಹಾಗಾಗಿ ಹಿಂದಿನ ಡ್ರಮ್ಮಿನ ವೀಲ್ ಸಿಲಿಂಡರ್ ಒಳಗೇ ತುಕ್ಕು ಹಿಡಿದಿರಬಹುದು, ಬಿಚ್ಚಿಸಿ ನೋಡಿ. ಆಮೇಲೆ ರೇಡಿಯೇಟರ್ ಹೋಸು, ಫ್ಯಾನ್ ಬೆಲ್ಟು, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್ ಆಯಿಲ್. ಜೆ.ಸಿ. ರೋಡಿನಲ್ಲಿ ಒಂದು ದಿನ ಓಡಾಡಿದರೆ ಬಹುಪಾಲು ಸಾಮಾನು ಸಿಗುತ್ತದೆ. ಮುಂದಿನ ಹಬ್ (ಚಕ್ರವನ್ನು ಆಕ್ಸಲ್ಲಿಗೆ ಜೋಡಿಸುವ ಬೀಗ) ಲಾಕ್ ಮಾಡಿ, ಮಣ್ಣಿನ ಜಾಗದಲ್ಲಿ 4ಎಲ್ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರು) ಹಾಕಿ ನೋಡಿ. ಟಾರಿನ ಮೇಲೆ ಬೇಡ, ಮುಂದಿನ, ಹಿಂದಿನ ಚಕ್ರಗಳು ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಇದಕ್ಕೆ ಇಲ್ಲ, ಪ್ರಾಪೆಲ್ಲರ್ ಶಾಫ್ಟ್ ಬಿಗಿಯುತ್ತದೆ.

ಇಷ್ಟಾದ ಮೇಲೆ ಲೋಡ್ ಹಾಕಿಕೊಂಡು ಸಕಲೇಶಪುರದ ಕಡೆ ಹೋಗಿಬನ್ನಿ. ಕಾಡೊಳಗೆ ನುಗ್ಗಬೇಡಿ, ಘಾಟಿ ರಸ್ತೆ ಸಾಕು. ಏನು ಸೋರುತ್ತದೆ, ಏನು ಸದ್ದು ಮಾಡುತ್ತದೆ ಎಲ್ಲ ಅಲ್ಲೇ ಗೊತ್ತಾಗುತ್ತದೆ.

ಕುಂಜುಮ್ ಕಂಡವ:
ನಾನು ಟೈರಿನ ಬಗ್ಗೆ ಹೇಳುತ್ತೇನೆ. ಕಂಪನಿ ಟೈರು 205/70 ಆರ್15. ನೀವು ಹೇಳುವ 235/75 ಅದಕ್ಕಿಂತ ಸುಮಾರು ಶೇ. 10ರಷ್ಟು ದೊಡ್ಡದು. ಅಂದರೆ ಎಲ್ಲ ಗೇರೂ ಅಷ್ಟೇ ಉದ್ದ ಆದಂತೆ, ಸ್ಪೀಡೋಮೀಟರ್ 60 ತೋರಿಸುವಾಗ ನೀವು 66ರಲ್ಲಿ ಇರುತ್ತೀರಿ. ಬೆಂಗಳೂರಿನಲ್ಲಿ ಗೊತ್ತಾಗುವುದಿಲ್ಲ, ಇಲ್ಲಿ ಎತ್ತರ 900 ಮೀಟರ್ ಚಿಲ್ಲರೆ. ಸ್ಪಿತಿಯ ದಾರಿಯ ಕುಂಜುಮ್ ಪಾಸ್ 4,551 ಮೀಟರ್. ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ಪ್ರತಿ 1000 ಮೀಟರಿಗೆ ಹೆಚ್ಚುಕಡಿಮೆ ಶೇ. 10 ಶಕ್ತಿ ಕಳೆದುಕೊಳ್ಳುತ್ತದೆ. ನಿಮ್ಮ 1.3 ಲೀಟರ್ ಇಂಜಿನ್ನಿನ 80 ಕುದುರೆಯಲ್ಲಿ ಅಲ್ಲಿ ಉಳಿಯುವುದು 50ರ ಒಳಗೆ. ಅದರ ಮೇಲೆ ದೊಡ್ಡ ಟೈರು, ಬಂಪರು, ವಿಂಚು, ಟೆಂಟು, ಇಬ್ಬರು ಜನ! 215/75 ಆಲ್ ಟೆರೇನ್ ಹಾಕಿ, ಲಿಫ್ಟ್ ಇಲ್ಲದೇ ಕೂರುತ್ತದೆ.

ಸ್ಪ್ರಿಂಗ್ ಮೇಲೆ ಹಾಕಿಸಿದರೆ ನಾಲ್ಕೈದು ಇಂಚು ಏರುತ್ತದೆ ನಿಜ, ಆದರೆ ಸ್ಟೀರಿಂಗ್ ರಾಡಿನ ಕೋನ ಕೆಡುತ್ತದೆ, ಗುಂಡಿಗೆ ಬಿದ್ದಾಗ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಇಲ್ಲಿಂದ ಮನಾಲಿಗೆ ಎರಡೂವರೆ ಸಾವಿರ ಕಿ.ಮೀ.ಗಿಂತ ಜಾಸ್ತಿ, ಬಹುತೇಕ ಹೈವೇ. ಅಷ್ಟು ದೂರ ಸ್ಟೀರಿಂಗ್ ಜೊತೆ ಗುದ್ದಾಡಬೇಕಾ? ಒಳ್ಳೆ ಶಾಕ್ ಅಬ್ಸಾರ್ಬರ್, ಹೊಸ ಬುಷ್, ಸಾಕು.

ಟೆಂಟೂ ಬೇಡ. 50 ಕೆಜಿ ಮೇಲಿರುತ್ತದೆ, ಸಾಫ್ಟ್ ಟಾಪ್ ಮೇಲೆ ಕೂರಿಸಲು ಒಳಗಿಂದ ಫ್ರೇಮ್ ಕಟ್ಟಬೇಕು, ಮೊದಲೇ ಕಿರಿದಾದ ಎತ್ತರದ ಗಾಡಿ. ಸ್ಪಿತಿಯ ಊರುಗಳಲ್ಲಿ ಹೋಮ್‌ಸ್ಟೇ ಇವೆ. ಕಾಜಾದಲ್ಲಿ ಬಂಕ್ ಇದೆ, ಮನಾಲಿಯಿಂದ ಸುಮಾರು 200 ಕಿ.ಮೀ., ನಿಮ್ಮ 40 ಲೀಟರ್ ಟ್ಯಾಂಕ್ ಜೊತೆ 20 ಲೀಟರಿನ ಒಂದು ಲೋಹದ ಕ್ಯಾನ್ ಇದ್ದರೆ ಆಯಿತು. ಸ್ನಾರ್ಕೆಲ್ ದುಡ್ಡಲ್ಲಿ ಆಕ್ಸಲ್ ಬ್ರೀದರ್ (ಗಾಳಿಯಾಡುವ) ಪೈಪನ್ನು ಇಂಜಿನ್ ಮಟ್ಟಕ್ಕೆ ಏರಿಸಿ. ಕಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಬ್ರೀದರಿನಿಂದಲೇ ನೀರು ಒಳಗೆ ಎಳೆದುಕೊಳ್ಳುವುದು. ಛತ್ರು–ಬಾತಲ್ ನಡುವಿನ ನಾಲೆಗಳನ್ನು ಬೆಳಗ್ಗೆಯೇ ದಾಟಿ, ಮಧ್ಯಾಹ್ನ ಹಿಮ ಕರಗಿ ನೀರು ಏರುತ್ತದೆ.

ಬನಶಂಕರಿ ಹುಡುಗ:
ಟೆಂಟ್ ಬಿಟ್ಟೆ, ಹೆಂಡತಿಗೂ ಖುಷಿ. ಆದರೆ ಬಂಪರ್, ವಿಂಚ್ ಬಿಡಲು ಮನಸ್ಸಿಲ್ಲ.

ಎಫ್‌ಸಿ ಮಾಸ್ಟರ್:
ಬಿಡಿ ಸರ್. ಬುಲ್ ಬಾರ್ (ಮುಂದೆ ಹಾಕಿಸುವ ಕಬ್ಬಿಣದ ಗಾರ್ಡ್) ಬೇಡ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ, ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಇದೆ. ಅದಕ್ಕಿಂತ ಮುಖ್ಯ, ನಿಮ್ಮದು 2012ರ ಗಾಡಿ. 15 ವರ್ಷ ತುಂಬಿದ ಮೇಲೆ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸಿಯೇ ಆರ್‌ಸಿ ಐದು ವರ್ಷಕ್ಕೆ ನವೀಕರಿಸಬೇಕು. ಎತ್ತರಿಸಿ, ಕೊಯ್ದ ಗಾಡಿ ಹಿಡಿದುಕೊಂಡು ಆರ್‌ಟಿಒ ಮುಂದೆ ನಿಲ್ಲುವುದು ಸುಮ್ನೆ ತಲೆನೋವು. ವಿಂಚ್ ಬದಲು ಎಳೆಯುವ ಪಟ್ಟಿ, ಎರಡು ಶ್ಯಾಕಲ್ (ಪಟ್ಟಿ ಸಿಕ್ಕಿಸುವ ಕೊಂಡಿ), ಒಂದು ಸಲಿಕೆ ಇಟ್ಟುಕೊಳ್ಳಿ. ಆ ರಸ್ತೆಯಲ್ಲಿ ಎಳೆಯಲು ಯಾರಾದರೂ ಸಿಗುತ್ತಾರೆ.

ಒರಿಜಿನಲ್ ಪೇಂಟ್:
ಇಷ್ಟೇ ಆದರೆ ನನ್ನ ತಕರಾರಿಲ್ಲ. ಬಿಚ್ಚಿದ ಕಂಪನಿ ಶಾಕ್, ರಿಮ್ಮು ಗುಜರಿಗೆ ಹಾಕಬೇಡಿ, ಎತ್ತಿಡಿ.

ಬನಶಂಕರಿ ಹುಡುಗ:
ಈಗಷ್ಟೇ ಹಬ್ ನೋಡಿದೆ. ಎಡಗಡೆಯದು ತಿರುಗುತ್ತದೆ, ಬಲಗಡೆಯದು ಅಲ್ಲಾಡುತ್ತಲೇ ಇಲ್ಲ. ಹೊಸದು ತರಬೇಕಾ?

ಕೆಸರುಗಾಲಪ್ಪ:
ಬೇಡ, ಬಡಿಯಲೂ ಬೇಡ. ಬೋಲ್ಟ್ ಬಿಚ್ಚಿ ಹೊರಗೆ ತೆಗೆಯಿರಿ, ಒಳಗೆ ಗ್ರೀಸ್ ಒಣಗಿ ಗಟ್ಟಿಯಾಗಿರುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ನೆನೆಹಾಕಿ ತೊಳೆದು, ಹೊಸ ಗ್ರೀಸ್ ತೆಳ್ಳಗೆ ಸವರಿ. ಗ್ಯಾಸ್ಕೆಟ್ ಮಾತ್ರ ಹೊಸದು ಹಾಕಿ. ಎಡಗಡೆಯದನ್ನೂ ಹೀಗೇ ಮಾಡಿ, ಈಗ ತಿರುಗುತ್ತಿದ್ದರೂ.